ಫೈಬರ್ ಬಾಡಿಯ 1932ರ ಫೋರ್ಡನ್ನು ಯಾವ ಪ್ರದರ್ಶನಕ್ಕೆ ಒಯ್ಯಬಹುದು? ಹಾಟ್ ರಾಡ್ ಬಲ್ಲವರ ಅನುಭವಗಳು

ಕೇಳಿದವರು: ಟ್ರೇಸಿ, ಕ್ಯಾಲಿಫೋರ್ನಿಯಾ

ನಿವೃತ್ತರಾದ ಹಿರಿಯರೊಬ್ಬರಿಂದ ಕಳೆದ ಚಳಿಗಾಲದಲ್ಲಿ 1932ರ ಫೋರ್ಡ್ ರೋಡ್‌ಸ್ಟರ್ (ಚಾವಣಿಯಿಲ್ಲದ ತೆರೆದ ಕಾರು) ರೂಪದ ಹಾಟ್ ರಾಡ್, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಮಾದರಿಯ ಕಾರು, ಒಂದನ್ನು ಕೊಂಡಿದ್ದೇನೆ. ಬಾಡಿ ಫೈಬರ್‌ಗ್ಲಾಸಿನದು, ಎಂಜಿನ್ ಷೆವ್ರೊಲೆ ಕಂಪನಿಯ 350 ಘನ ಇಂಚಿನದು, ಗೇರ್‌ಬಾಕ್ಸ್ ಆಟೋಮ್ಯಾಟಿಕ್, ಮುಂದಿನ ಸಸ್ಪೆನ್ಷನ್ ಮಸ್ಟಾಂಗ್ 2ರ ಮಾದರಿಯದು, ಚಕ್ರಗಳು ಬಿಲೆಟ್, ಅಂದರೆ ಇಡೀ ಗಟ್ಟಿಯಿಂದ ಕಡೆದ, ಅಲ್ಯುಮಿನಿಯಂನವು. ಊರಿನ ಬೆಳಗಿನ ಕೂಟವೊಂದಕ್ಕೆ ಒಯ್ದಾಗ ಒಬ್ಬರು ಹತ್ತಿರ ಬಂದು, ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ, ಇದನ್ನು ಕಟ್ಟಿದವರು ಯಾರು ಎಂದು ವಿಚಾರಿಸಿದರು. ನಾನು ಕಟ್ಟಿದ್ದಲ್ಲ, ಕೊಂಡದ್ದು ಎಂದೊಡನೆ ತಲೆಯಾಡಿಸಿ ಪಕ್ಕದ ಕಾರಿನತ್ತ ನಡೆದರು. ದೊಡ್ಡ ಪ್ರದರ್ಶನಗಳಲ್ಲಿಯೂ ಇಂಥ ಕಾರಿಗೆ ಪ್ರವೇಶ ಇಲ್ಲವೆ? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ: ಸ್ಯಾಕ್ರಮೆಂಟೋದಿಂದ

ನಿಮ್ಮ ಕಾರಿಗೆ ಪ್ರವೇಶ ಖಂಡಿತ ಇದೆ, ಆದರೆ ಎಲ್ಲ ಕಡೆಯೂ ಇಲ್ಲ. ಹೊರಗಿನಿಂದ ನೋಡುವವರಿಗೆ ಇದೆಲ್ಲ ಒಂದೇ ಹಿರಿಯರ ಗುಂಪಿನ ಬಿಗುಮಾನದಂತೆ ಕಾಣುತ್ತದೆ. ವಾಸ್ತವದಲ್ಲಿ ಪ್ರತಿಯೊಂದು ಸಂಸ್ಥೆಯೂ ತನ್ನದೇ ಗೆರೆಯೊಂದನ್ನು ಎಳೆದುಕೊಂಡಿದೆ. ಕೆಲವರು ವರ್ಷ ನೋಡುತ್ತಾರೆ, ಕೆಲವರು ಶೈಲಿ ನೋಡುತ್ತಾರೆ, ಇನ್ನು ಕೆಲವರು ಕಾರು ಈ ಹಿಂದೆ ಎಲ್ಲಿಯಾದರೂ ಪ್ರದರ್ಶನಗೊಂಡಿದೆಯೇ ಎಂಬುದನ್ನು ನೋಡುತ್ತಾರೆ. ಹಣ ಕಟ್ಟುವ ಮೊದಲು ಆ ಗೆರೆ ಯಾವುದೆಂದು ಓದಿಕೊಂಡರೆ ಬಹುಪಾಲು ಕಹಿ ತಪ್ಪುತ್ತದೆ.

ನಿಮಗೆ ತೀರಾ ಹತ್ತಿರವಿರುವುದು ಪ್ಲೆಸಂಟನ್‌ನ ಅಲಮೀಡಾ ಕೌಂಟಿ ಫೇರ್‌ಗ್ರೌಂಡ್ಸ್‌ನಲ್ಲಿ ನಡೆಯುವ ಗುಡ್‌ಗೈಸ್ ಕೂಟಗಳು. ಗ್ಯಾರಿ ಮೆಡೋರ್ಸ್ 1983ರಲ್ಲಿ ಆರಂಭಿಸಿದ ಈ ಸಂಸ್ಥೆ ಮೊದಲು ಹಳೆಯ ಕಾರುಗಳಿಗಷ್ಟೇ ಮೀಸಲಾಗಿತ್ತು. ಕಾಲ ಕಳೆದಂತೆ ಕಾರಿನ ವರ್ಷದ ಗಡಿಯನ್ನು 1987ಕ್ಕೆ, ಆಮೇಲೆ 1999ಕ್ಕೆ ಸರಿಸಿತು. ಅಲ್ಲಿ ನಿಮ್ಮ ಬಾಡಿ ಫೈಬರಿನದೋ ತಗಡಿನದೋ ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಬಿಲೆಟ್ ಚಕ್ರಗಳಂತೂ ಅಲ್ಲಿ ಸರ್ವೇಸಾಮಾನ್ಯ. ಮೊದಲೇ ನೋಂದಾಯಿಸಿಕೊಂಡು ಬೆಳಿಗ್ಗೆ ಬೇಗ ಹೋಗಿ, ಏಕೆಂದರೆ ಮರದ ನೆರಳಿರುವ ಜಾಗಗಳನ್ನು ಕ್ಲಬ್ಬಿನವರು ಕುರ್ಚಿ ಹಾಕಿ ಹಿಡಿದಿಟ್ಟುಕೊಂಡಿರುತ್ತಾರೆ. ಹೊಸಬರಿಗೆ ಹೊರಗಿನವರೆಂಬ ಭಾವನೆ ಬರುವುದು ಹೆಚ್ಚಾಗಿ ಆ ಖಾಲಿ ಕುರ್ಚಿಗಳ ಸಾಲು ಕಂಡಾಗಲೇ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಎರಡನೆಯದು ನ್ಯಾಷನಲ್ ಸ್ಟ್ರೀಟ್ ರಾಡ್ ಅಸೋಸಿಯೇಷನ್. 1970ರಲ್ಲಿ ಇಲಿನಾಯ್ಸ್‌ನ ಪಿಯೋರಿಯಾದಲ್ಲಿ ಮೊದಲ ರಾಷ್ಟ್ರೀಯ ಕೂಟ ನಡೆದ ಕಾಲದ ಈ ಸಂಸ್ಥೆ ದಶಕಗಳ ಕಾಲ 1948 ಮತ್ತು ಅದಕ್ಕೂ ಹಿಂದಿನ ಕಾರುಗಳಿಗೆ ಮಾತ್ರ ಜಾಗ ಕೊಡುತ್ತಿತ್ತು. ಆ ವರ್ಷ ಸುಮ್ಮನೆ ಆರಿಸಿಕೊಂಡದ್ದಲ್ಲ. 1949ರ ಫೋರ್ಡಿನಿಂದ ಮಡ್‌ಗಾರ್ಡುಗಳು ಬಾಡಿಯೊಳಗೇ ಸೇರಿಹೋಗಿ ಕಾರಿನ ಪಕ್ಕಗಳು ಚಪ್ಪಟೆಯಾದವು. ಮಡ್‌ಗಾರ್ಡ್ ಬಿಚ್ಚಿ ಎಸೆದು ಹಗುರ ಮಾಡುವ ಹಳೆಯ ಕ್ರಮಕ್ಕೆ ಅಲ್ಲಿ ಆಸ್ಪದವೇ ಉಳಿಯಲಿಲ್ಲ. ಈಗ ಅವರು ಮೂವತ್ತು ವರ್ಷ ದಾಟಿದ ಎಲ್ಲ ಕಾರುಗಳನ್ನೂ ಸೇರಿಸಿಕೊಳ್ಳುತ್ತಾರೆ. ಸದಸ್ಯರಿಗೆ ವಯಸ್ಸಾಗಿ ಮೈದಾನಗಳು ಬರಿದಾಗುವುದನ್ನು ಕಂಡ ಮೇಲೆ ಹೃದಯ ವಿಶಾಲವಾಯಿತು ಎಂಬುದು ನನ್ನ ಅನಿಸಿಕೆ. ಅದೇನೇ ಇರಲಿ, ಅವರು ನಡೆಸುವ 23 ಅಂಶಗಳ ಸುರಕ್ಷತಾ ತಪಾಸಣೆಯನ್ನು ತಪ್ಪದೆ ಮಾಡಿಸಿ. ಬೇರೆಯವರು ಕಟ್ಟಿದ ಕಾರನ್ನು ಕೊಂಡವರಿಗೆ ಪ್ರಶಸ್ತಿಗಿಂತ ಅದು ಮುಖ್ಯ: ಸ್ಟೀರಿಂಗ್ ಜೋಡಣೆಗಳು, ಬ್ರೇಕ್ ಕೊಳವೆಗಳು, ಇಂಧನದ ಪೈಪು ಹಾದುಹೋದ ದಾರಿ ಇವನ್ನೆಲ್ಲ ಅನುಭವಸ್ಥರೊಬ್ಬರು ಕಾರಿನ ಕೆಳಗೆ ತಲೆಯಿಟ್ಟು ನೋಡುತ್ತಾರೆ.

ನೀವು ಹೋಗಬಾರದ ಕಡೆಗಳೂ ಇವೆ. ಬಿಲೆಟ್‌ಪ್ರೂಫ್ ಎಂಬ ಕೂಟದ ಹೆಸರೇ ನಿಮ್ಮ ಚಕ್ರಗಳ ವಿರುದ್ಧ ಇಟ್ಟದ್ದು. ಲಾಸ್ ವೇಗಸ್‌ನ ವೀವಾ ಲಾಸ್ ವೇಗಸ್ ಕಾರು ಪ್ರದರ್ಶನ 1963ಕ್ಕಿಂತ ಹಿಂದಿನ, ಸಾಂಪ್ರದಾಯಿಕವಾಗಿ ಕಟ್ಟಿದ ಕಾರುಗಳಿಗೆ ಮೀಸಲು. ನ್ಯೂಜೆರ್ಸಿಯ ವೈಲ್ಡ್‌ವುಡ್ ಕಡಲ ತೀರದಲ್ಲಿ ನಡೆಯುವ ರೇಸ್ ಆಫ್ ಜೆಂಟಲ್‌ಮೆನ್ ಇನ್ನೂ ಕಟ್ಟುನಿಟ್ಟು: ಕಾರು 1934ಕ್ಕಿಂತ ಈಚಿನದಾಗಿರಬಾರದು, ಎಂಜಿನ್ 1953ಕ್ಕಿಂತ ಈಚಿನದಾಗಿರಬಾರದು. ಇದನ್ನು ಅಹಂಕಾರ ಎಂದು ನಾನು ಕರೆಯುವುದಿಲ್ಲ. ಒಂದು ಕಾಲದ ಚಿತ್ರವನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದು ಹಟ ಹಿಡಿದವರು ಗೆರೆಯನ್ನು ಮೊದಲೇ ಬರೆದಿಟ್ಟು ಎಲ್ಲರಿಗೂ ಸಮನಾಗಿ ಅನ್ವಯಿಸಿದರೆ ಅದರಲ್ಲಿ ಅವಮಾನವೇನೂ ಇಲ್ಲ.

ಉತ್ತರ: ಮಿಷಿಗನ್‌ನ ನೋವಿಯಿಂದ

ಮೇಲಿನವರು ಹೇಳಿದ್ದಕ್ಕೆ ಡೆಟ್ರಾಯಿಟ್ ಕಡೆಯ ಅನುಭವವನ್ನು ಸೇರಿಸುತ್ತೇನೆ. ಇಲ್ಲಿನ ಆಟೋರಾಮಾ ಎಂಬ ಒಳಾಂಗಣ ಕಾರು ಪ್ರದರ್ಶನ ಆರಂಭವಾದದ್ದು 1953ರಲ್ಲಿ, ಮಿಷಿಗನ್ ಹಾಟ್ ರಾಡ್ ಅಸೋಸಿಯೇಷನ್ನಿನ ಹುಡುಗರು ಬೀದಿಯಲ್ಲಿ ಪಂದ್ಯ ಕಟ್ಟಿ ಪೊಲೀಸರಿಂದ ಬೈಸಿಕೊಳ್ಳುವ ಬದಲು ಡ್ರ್ಯಾಗ್ ಸ್ಟ್ರಿಪ್ (ನೇರ ಓಟದ ಪಂದ್ಯಪಥ) ಒಂದನ್ನು ಕಟ್ಟಲು ಹಣ ಕೂಡಿಸಬೇಕೆಂದು ಹೊರಟಾಗ. ಇಂದು ಅದರ ಮುಖ್ಯ ಅಂಕಣಕ್ಕೆ ಹೋದರೆ ಆ ಹುಟ್ಟಿನ ಗುರುತು ಹುಡುಕಬೇಕಾಗುತ್ತದೆ. 1964ರಿಂದ ಕೊಡುತ್ತಿರುವ ರಿಡ್ಲರ್ ಪ್ರಶಸ್ತಿಗೆ ಸ್ಪರ್ಧಿಸುವ ಕಾರು ಅದಕ್ಕೆ ಮೊದಲು ಬೇರೆಲ್ಲಿಯೂ ಪ್ರದರ್ಶನಗೊಂಡಿರಬಾರದು. ಅಂದರೆ ವರ್ಷಗಟ್ಟಲೆ ಕಾರನ್ನು ಮುಚ್ಚಿಟ್ಟು, ವೃತ್ತಿಪರ ಕಾರ್ಯಾಗಾರಕ್ಕೆ ಲಕ್ಷಾಂತರ ಡಾಲರ್ ಸುರಿಯಬಲ್ಲವರಿಗೆ ಮಾತ್ರ ಆ ದಾರಿ ತೆರೆದಿದೆ. ಅಂಥ ಕಾರುಗಳ ಕೆಳಗೆ ನೆಲದ ಮೇಲೆ ಕನ್ನಡಿ ಹಾಸಿರುತ್ತಾರೆ. ಬಗ್ಗಿ ನೋಡಿದರೆ ಡಿಫರೆನ್ಷಿಯಲ್ಲಿನ ತಳಕ್ಕೂ ಕ್ರೋಮ್ ಲೇಪನ, ಬೋಲ್ಟುಗಳ ತಲೆಯ ಗುರುತುಗಳನ್ನು ಕೂಡ ಉಜ್ಜಿ ತೆಗೆದಿರುತ್ತಾರೆ. ಸುತ್ತ ಹಗ್ಗ ಕಟ್ಟಿರುತ್ತಾರೆ. ಮಾತಾಡಿಸೋಣವೆಂದರೆ ಮಾಲೀಕರು ಅಲ್ಲಿರುವುದೇ ಅಪರೂಪ.

ಅದೇ ಕಟ್ಟಡದ ನೆಲಮಾಳಿಗೆಗೆ ಇಳಿದರೆ ಬೇರೆಯೇ ಲೋಕ. ಆಟೋರಾಮಾ ಎಕ್ಸ್‌ಟ್ರೀಮ್ ಎಂದು ಕರೆಯುವ ಆ ಭಾಗದಲ್ಲಿ ಬಣ್ಣ ಕಾಣದ, ತುಕ್ಕಿನ ಮೈಯ, ಮನೆಯ ಗ್ಯಾರೇಜಿನಲ್ಲೇ ಬೆಸುಗೆ ಹಾಕಿದ ಕಾರುಗಳಿರುತ್ತವೆ. ಮಾಲೀಕರು ಪಕ್ಕದಲ್ಲೇ ಕೂತು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. ಆದರೆ ಕೆಳಗಿನವರು ಮೇಲಿನವರನ್ನು ಹಣ ಕೊಟ್ಟು ಕಟ್ಟಿಸಿಕೊಂಡವರು ಎಂದು ಹಗುರವಾಗಿ ಕಾಣುವುದೂ ಅಷ್ಟೇ ನಿಜ. ನಿಮ್ಮ ಫೈಬರ್ ರೋಡ್‌ಸ್ಟರ್ ಮೇಲಿನ ಅಂಕಣಕ್ಕೆ ಸಾಧಾರಣ, ಕೆಳಗಿನ ಅಂಕಣಕ್ಕೆ ಅತಿ ನಯ. ಇಂಥ ಒಳಾಂಗಣ ಪ್ರದರ್ಶನಗಳಿಗೆ ಅರ್ಜಿಯೊಡನೆ ಚಿತ್ರಗಳನ್ನು ಕಳಿಸಬೇಕು, ಆಯ್ಕೆ ಅವರದು. ಮೊದಲ ವರ್ಷವೇ ಆ ಗೊಡವೆ ಬೇಡ ಎನ್ನುವುದು ನನ್ನ ಸಲಹೆ. ಪೊಮೋನಾದ ಗ್ರ್ಯಾಂಡ್ ನ್ಯಾಷನಲ್ ರೋಡ್‌ಸ್ಟರ್ ಶೋಗೆ ಮಾತ್ರ ನೋಡುಗರಾಗಿ ಒಮ್ಮೆ ಹೋಗಿ ಬನ್ನಿ. ಓಕ್‌ಲ್ಯಾಂಡಿನಲ್ಲಿ ಹುಟ್ಟಿದ ಹಳೆಯ ಪ್ರದರ್ಶನ ಅದು. ಅಮೆರಿಕದ ಅತಿ ಸುಂದರ ರೋಡ್‌ಸ್ಟರ್ ಎಂಬ ಅದರ ಪ್ರಶಸ್ತಿಗೆ ಇಂದಿಗೂ 1937 ಮತ್ತು ಅದಕ್ಕೂ ಹಿಂದಿನ ಮಾದರಿಗಳಷ್ಟೇ ಅರ್ಹ.

ಉತ್ತರ: ಲಾಸ್ ಏಂಜಲೀಸ್‌ನಿಂದ

ಸ್ಯಾಕ್ರಮೆಂಟೋದವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬರೆದಿಟ್ಟ ಗೆರೆಗಳು ತೊಂದರೆ ಕೊಡುವುದಿಲ್ಲ; ನೋಯಿಸುವುದು ಬರೆಯದ ಗೆರೆಗಳು. ನಾನು ಮತ್ತು ನನ್ನ ಯಜಮಾನರು ಒಟ್ಟಿಗೆ ನಿಂತಿದ್ದಾಗ, ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸುವವಳು ನಾನಾದರೂ ಪ್ರಶ್ನೆಗಳೆಲ್ಲ ಅವರ ಕಡೆಗೇ ಹೋಗುತ್ತವೆ. ಅವರು ಪಾಪ, ಪ್ರತಿ ಸಲವೂ ನನ್ನತ್ತ ಕೈ ತೋರಿಸುತ್ತಾರೆ.

ಈ ಪ್ರವೃತ್ತಿ ಹೊಸದೇನಲ್ಲ. ಮ್ಯುರಾಕ್‌ನಂಥ ಒಣ ಕೆರೆಗಳ ಅಂಗಳದಲ್ಲಿ ವೇಗ ಅಳೆಯುತ್ತಿದ್ದ ಕ್ಲಬ್ಬುಗಳು 1937ರಲ್ಲಿ ಕೂಡಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡಾಗ ತೆರೆದ ರೋಡ್‌ಸ್ಟರ್‌ಗಳಿಗೇ ಮಣೆ. ಚಾವಣಿಯುಳ್ಳ ಕೂಪೆ, ಸೆಡಾನ್‌ಗಳನ್ನು ಆರಂಭದ ವರ್ಷಗಳಲ್ಲಿ ಓಡಲು ಬಿಡುತ್ತಿರಲಿಲ್ಲ. ಅವುಗಳಿಗೆ ಅವಕಾಶ ಕೊಟ್ಟದ್ದು ರಸೆಟ್ಟಾ ಎಂಬ ಬೇರೆ ಸಂಸ್ಥೆ. ಆಮೇಲೆ ಇದೇ ರೋಡ್‌ಸ್ಟರ್ ಜನ ತಾವೇ ದೊಡ್ಡವರ ಬಾಗಿಲಲ್ಲಿ ಕಾಯಬೇಕಾಯಿತು. ಅಪರೂಪದ ಹಳೆಯ ಕಾರುಗಳ ಪ್ರತಿಷ್ಠಿತ ಸ್ಪರ್ಧೆಯಾದ ಪೆಬಲ್ ಬೀಚ್ ಕಾನ್‌ಕೂರ್ ತನ್ನ ಹುಲ್ಲುಹಾಸಿನ ಮೇಲೆ ಹಾಟ್ ರಾಡ್‌ಗಳಿಗೆ ಒಂದು ವಿಭಾಗ ತೆರೆದದ್ದು 1997ರಲ್ಲಿ. ಆ ವರ್ಷ ಗೆದ್ದದ್ದು ಡೋನ್ ಸ್ಪೆನ್ಸರ್ ಕಟ್ಟಿದ 1932ರ ರೋಡ್‌ಸ್ಟರ್. ಇತ್ತ ಮೆಕ್ಸಿಕನ್ ಮೂಲದ ಕುಟುಂಬಗಳು ಕಟ್ಟಿ ಬೆಳೆಸಿದ ಲೋರೈಡರ್‌ಗಳ (ನೆಲಕ್ಕೆ ಹತ್ತಿರವಾಗಿ ಇಳಿಸಿದ ಕಾರುಗಳ) ಕಥೆ ಇನ್ನೂ ಕಠಿಣ. ಕಾರನ್ನು ಚಕ್ರದ ರಿಮ್ಮಿಗಿಂತ ಕೆಳಗೆ ಇಳಿಸುವುದನ್ನು ರಾಜ್ಯದ ಕಾನೂನೇ ತಡೆದಿತ್ತು, ಬೀದಿಯಲ್ಲಿ ನಿಧಾನವಾಗಿ ಸುತ್ತುವುದನ್ನು ಹಲವು ನಗರಗಳು ನಿಷೇಧಿಸಿದ್ದವು. ಆ ನಿರ್ಬಂಧಗಳು ತೆರವಾದದ್ದು 2024ರ ಜನವರಿಯಿಂದ, ಹಿಂದಿನ ವರ್ಷ ಸಹಿಯಾದ ಕಾಯಿದೆಯಿಂದಾಗಿ.

ನಿಮ್ಮ ಬಾಗಿಲು ತಟ್ಟಿದವರ ವಿಷಯಕ್ಕೆ ಬರುತ್ತೇನೆ. ಕೆಲವರು ಜೇಬಿನಲ್ಲಿ ಅಯಸ್ಕಾಂತವನ್ನೇ ಇಟ್ಟುಕೊಂಡು ಓಡಾಡುತ್ತಾರೆ. 1932ರ ಫೋರ್ಡ್ ಒಂದೇ ವರ್ಷದ ಮಾದರಿ. ಅಸಲಿ ತಗಡಿನ ಬಾಡಿಗಳಲ್ಲಿ ತುಕ್ಕು ತಿನ್ನದೆ ಉಳಿದವು ಕಡಿಮೆ, ಬೆಲೆ ಬಲು ಜಾಸ್ತಿ. ಓಹಾಯೋದ ಬ್ರೂಕ್‌ವಿಲ್‌ನಲ್ಲಿ ಹೊಸ ಉಕ್ಕಿನ ಬಾಡಿಗಳನ್ನು ಒತ್ತಿ ಮಾರುತ್ತಾರೆ, ಅವೂ ಅಗ್ಗವಲ್ಲ. ಹೀಗಾಗಿ ಒಂದು ಕಾಲದಲ್ಲಿ ಗುಜರಿಯಿಂದ ಪುಡಿಗಾಸಿಗೆ ತರುತ್ತಿದ್ದ ವಸ್ತುವೇ ಈಗ ಅಂತಸ್ತಿನ ಗುರುತಾಗಿದೆ. ಬೆಳ್ಳಿಯ ತಟ್ಟೆಯನ್ನು ಕುಟ್ಟಿ ನೋಡುವ ಅತ್ತೆಯಂತೆ ವರ್ತಿಸುವ ಇವರಿಗೆ ಉತ್ತರ ಇಷ್ಟೇ: ಫೈಬರ್ ಎಂದು ನೀವೇ ಮೊದಲು ಹೇಳಿಬಿಡಿ. ಗಾಜಿನ ಹಿಂದೆ ಇಡುವ ಮಾಹಿತಿ ಫಲಕದಲ್ಲಿ ಕಟ್ಟಿದವರ ಹೆಸರನ್ನು, ಅವರ ಒಪ್ಪಿಗೆ ಪಡೆದು, ನಿಮ್ಮ ಹೆಸರಿಗಿಂತ ಮೇಲೆ ಬರೆಯಿರಿ. ಸಾಧ್ಯವಾದರೆ ನಿಮಗೆ ಕಾರು ಮಾರಿದ ಹಿರಿಯರನ್ನು ಒಮ್ಮೆ ಜೊತೆಗೆ ಕರೆದೊಯ್ಯಿರಿ. ಹಿಂದಿನ ಆಕ್ಸಲ್ ಯಾವುದು, ಗೇರ್ ಅನುಪಾತ ಎಷ್ಟು, ಕ್ಯಾಮ್‌ಶಾಫ್ಟ್ ಬದಲಾಗಿದೆಯೇ ಎಂಬುದನ್ನು ಅವರಿಂದ ಕೇಳಿ ಬರೆದಿಟ್ಟುಕೊಳ್ಳಿ. ಕೊಂಡವರು ಎಂದು ದೂರ ಸರಿದವರು, ನಿಮಗೆ ಕಾರಿನ ಒಳಹೊರಗು ತಿಳಿದಿದೆ ಎಂದು ಗೊತ್ತಾದಾಗ ತಾವಾಗಿ ಬಾನೆಟ್ ಎತ್ತಿಸುವುದನ್ನು ನಾನು ನೋಡಿದ್ದೇನೆ. ಎಲ್ಲರೂ ಅಲ್ಲ. ಉಳಿದವರ ಬಗ್ಗೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ.

ಉತ್ತರ: ಸ್ಯಾನ್ ಹೋಸೆಯಿಂದ

ಪ್ರದರ್ಶನದ ಮಾತು ಆಮೇಲೆ. ಮೊದಲು ಕಾಗದಪತ್ರ ತೆಗೆದು ನೋಡಿ. ಫೈಬರ್ ಬಾಡಿಯ ಕಾರಿನ ದಾಖಲೆಯಲ್ಲಿ ಬರೀ 1932 ಎಂದಿದ್ದು, ಛಾಸಿಯ ಸಂಖ್ಯೆ ಅದಕ್ಕೆ ತಾಳೆಯಾಗದಿದ್ದರೆ ಮುಂದೆ ಮಾರುವಾಗಲೂ ವಿಮೆ ಮಾಡಿಸುವಾಗಲೂ ತೊಡಕು ಎದುರಾಗುತ್ತದೆ. ನಮ್ಮ ರಾಜ್ಯದಲ್ಲಿ ಹೀಗೆ ಬಿಡಿ ಭಾಗಗಳಿಂದ ಕಟ್ಟಿದ ಕಾರುಗಳಿಗೆ ವಿಶೇಷ ನಿರ್ಮಾಣದ ವಾಹನ ಎಂಬ ನೋಂದಣಿ ಇದೆ. ಎಸ್‌ಬಿ 100 ಕಾಯಿದೆಯಡಿ ವರ್ಷಕ್ಕೆ 500 ಕಾರುಗಳಿಗೆ ಮಾತ್ರ ಕ್ರಮಸಂಖ್ಯೆಯ ಪ್ರಮಾಣಪತ್ರ ಸಿಗುತ್ತದೆ. ಅದು ದೊರೆತರೆ ಹೊಗೆ ತಪಾಸಣೆಯ ಮಟ್ಟಿಗೆ ಬಾಡಿ ಹೋಲುವ ವರ್ಷವನ್ನು ಅಥವಾ ಎಂಜಿನ್ನಿನ ವರ್ಷವನ್ನು ಆಧಾರವಾಗಿ ಹಿಡಿಯಲು ಅವಕಾಶವಿದೆ. ಮೊದಲು ಬಂದವರಿಗೆ ಮೊದಲು ಎಂಬ ಕ್ರಮವಿರುವುದರಿಂದ ಜನವರಿಯಲ್ಲಿ ಕಚೇರಿ ತೆರೆದ ದಿನವೇ ಅರ್ಜಿ ಹಾಕಬೇಕು. ನಿಮಗೆ ಮಾರಿದವರು ಈ ಕೆಲಸವನ್ನು ಮುಗಿಸಿದ್ದಾರೆಯೇ ಎಂದು ಈ ವಾರವೇ ಕೇಳಿ ನೋಡಿ. ಮುಗಿಸಿದ್ದರೆ ಆ ಪ್ರಮಾಣಪತ್ರದ ಪ್ರತಿಯೊಂದು ಸದಾ ಕಾರಿನಲ್ಲಿರಲಿ.