ನುಡಿಯಲ್ಲಿರುವ ಹಳೇ ಬರಹ ಬ್ಲಾಗಿಗೆ ಹಾಕಬೇಕು, ಎಲ್ಲಿಂದ ಶುರು ಮಾಡಲಿ?

ಶಿರಸಿಯವಳು:
ಎಲ್ಲರಿಗೂ ನಮಸ್ಕಾರ. ಅಮ್ಮ ಮಾಡುತ್ತಿದ್ದ ತಂಬುಳಿ, ಅಪ್ಪೆಹುಳಿ, ಗೊಜ್ಜುಗಳ ಬಗ್ಗೆ ಸುಮಾರು 40 ಬರಹ ನನ್ನ ಹತ್ತಿರ ಇವೆ. ಹನ್ನೆರಡು ವರ್ಷದ ಹಿಂದೆ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಅಮ್ಮ ಈಗಿಲ್ಲ. ಇವು ಕಂಪ್ಯೂಟರಿನೊಳಗೇ ಉಳಿದು ಹಾಳಾಗಬಾರದು ಅನ್ನೋದೇ ನನ್ನ ಚಿಂತೆ. ಎರಡು ದಿನದ ತರಬೇತಿಗೂ ಹೋಗಿ ಬಂದೆ. ಅವರು ಪರದೆಯ ಮೇಲೆ ಪಟಪಟ ತೋರಿಸಿದರು, ನಾವು ನೋಟ್ಸ್ ಬರೆದುಕೊಂಡೆವು, ಮನೆಗೆ ಬಂದು ಕೂತರೆ ಒಂದೂ ಕೈಗೆ ಹತ್ತಲಿಲ್ಲ. ಒಂದು ಬರಹ ಕಾಪಿ ಮಾಡಿ ಗೂಗಲ್ಲಿನ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಅಂಟಿಸಿದರೆ ಕನ್ನಡವೇ ಇಲ್ಲ, ತಲೆ ಮೇಲೆ ಗೀಟು, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳು ಬಂದವು. ಇನ್ನೊಂದು ಕ್ಲಾಸಿಗೆ ಸೇರಲಾ?

ಹಳೇ ಪ್ರೂಫ್ ರೀಡರ್:
ಕ್ಲಾಸು ಬೇಡ ಮೇಡಂ. ಒಂದೇ ಒಂದು ಬರಹ ಆರಿಸಿಕೊಳ್ಳಿ, ಅದನ್ನು ಕೊನೆ ಮುಟ್ಟಿಸಿ, ಬೇಕಾದ್ದೆಲ್ಲ ದಾರಿಯಲ್ಲೇ ಕಲಿಯುತ್ತೀರಿ. ನಿಮ್ಮ ಫೈಲು ಹಾಳಾಗಿಲ್ಲ. ಹಳೇ ನುಡಿ ಫಾಂಟಿನಲ್ಲಿ ಒಳಗೆ ಇರೋದು ಇಂಗ್ಲಿಷ್ ಅಕ್ಷರದ ಸಂಕೇತಗಳೇ, ಫಾಂಟು ಅದಕ್ಕೆ ಕನ್ನಡದ ರೂಪ ಕೊಡುತ್ತಿತ್ತು, ಫಾಂಟು ಹೋದ ಕೂಡಲೇ ಬಣ್ಣ ಬಯಲಾಗುತ್ತದೆ. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರೂ ಕನ್ನಡ ಅಂತಲೇ ಗುರುತಿಸುವ ಸಂಕೇತಕ್ಕೆ ಬದಲಿಸಬೇಕು. ಬದಲಿಸುವ ಉಚಿತ ಪರಿವರ್ತಕಗಳು ಜಾಲದಲ್ಲಿ ಸಿಗುತ್ತವೆ. ಆದರೆ ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಹಳೇ ಫಾಂಟಿನಲ್ಲಿ 'ಧರ್ಮ' ಅನ್ನೋದು 'ಧಮ' ಬರೆದು ಕೊನೆಗೆ ಅರ್ಕಾವತ್ತು ಇಟ್ಟ ಹಾಗೆ ಇರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಅಲ್ಲಿ ಎಡವಿದರೆ 'ಧಮ' ಮಾತ್ರ ಉಳಿಯುತ್ತದೆ. ನನಗೆ ಇದು ಗೊತ್ತಾಗಿದ್ದು ಒಂದು ಇಡೀ ಲೇಖನ ಪ್ರಕಟಿಸಿದ ಮೇಲೆ, ತುಂಬಾ ಬೇಜಾರಾಯಿತು.

ವಿಕಿ ಹುಡುಗಿ:
ಅಕ್ಕಾ, ಕೈ ಪಳಗಿಸಿಕೊಳ್ಳೋಕೆ ಕನ್ನಡ ವಿಕಿಪೀಡಿಯದ ಪ್ರಯೋಗಪುಟಕ್ಕಿಂತ (ಬರೆದು ಅಭ್ಯಾಸ ಮಾಡೋಕೆ ಸಿಗುವ ಪುಟ) ಒಳ್ಳೇ ಜಾಗ ನನಗೆ ಗೊತ್ತಿಲ್ಲ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಖಾತೆ ತೆರೆಯೋಕೆ ದುಡ್ಡಿಲ್ಲ. ಎರಡು ಕಡೆ ಎರಡೆರಡು ಸಮ ಚಿಹ್ನೆ ಹಾಕಿದರೆ ತಲೆಬರಹ, ಎರಡೆರಡು ಚೌಕ ಕಂಸ ಹಾಕಿದರೆ ಕೊಂಡಿ. ಏನೇ ಕೆಡಿಸಿದರೂ 'ಇತಿಹಾಸ' ಒತ್ತಿ ಹಿಂದಿನ ರೂಪ ವಾಪಸ್ ತರಬಹುದು, ಆಮೇಲೆ ಭಯವೇ ಇರಲ್ಲ. ಕನ್ನಡ ಗಣಕೀಕರಣಕ್ಕೆ ದುಡಿದ ಕೆ.ಪಿ. ರಾವ್ ಅವರ ವಿನ್ಯಾಸದ, ನುಡಿಯಲ್ಲಿ ಇದ್ದಂಥದ್ದೇ ಕೀಲಿಮಣೆ ಅಲ್ಲೇ ಸಿಗುತ್ತದೆ, ಏನೂ ಇನ್‌ಸ್ಟಾಲ್ ಮಾಡೋದು ಬೇಡ. ನುಡಿ ರೂಢಿ ಇದ್ದವರಿಗೆ ಎ, ಎಮ್, ಎಫ್, ಎಮ್ ಒತ್ತಿದರೆ 'ಅಮ್ಮ' ಬರೋದು ಬೆರಳಿಗೇ ಗೊತ್ತಿರುತ್ತೆ ಅಲ್ವಾ? ಒಂದು ಮಾತು ಮಾತ್ರ: ಪ್ರಯೋಗಪುಟವನ್ನೂ ಎಲ್ಲರೂ ನೋಡಬಹುದು. ಅಮ್ಮನ ನೆನಪಿನ ಬರಹಗಳನ್ನು ವಿಕಿಪೀಡಿಯ ಲೇಖನವಾಗಿ ಹಾಕಬೇಡಿ, ಅಲ್ಲಿ ಪ್ರಕಟವಾದ ಆಧಾರ ಕೇಳುತ್ತಾರೆ. ಅವಕ್ಕೆ ಬ್ಲಾಗೇ ಸರಿ.

ಊರುಬಿಟ್ಟವ:
ವರ್ಡ್‌ನಿಂದ ನೇರ ಅಂಟಿಸಬೇಡಿ. ಅದರ ಫಾಂಟು, ಅಳತೆ ಎಲ್ಲ ಜೊತೆಗೇ ಬಂದು ಒಂದು ಪ್ಯಾರಾ ದೊಡ್ಡದು, ಒಂದು ಚಿಕ್ಕದು ಆಗುತ್ತೆ. ಕಂಟ್ರೋಲ್, ಶಿಫ್ಟ್, ವಿ ಮೂರೂ ಒಟ್ಟಿಗೆ ಒತ್ತಿ, ಬರೀ ಅಕ್ಷರ ಬರುತ್ತದೆ. ಪ್ರಕಟಿಸೋ ಮುಂಚೆ ಪ್ರಿವ್ಯೂ ಒತ್ತಿ ಮೊಬೈಲಿನಲ್ಲಿ ಹೇಗೆ ಕಾಣುತ್ತೆ ಅಂತ ನೋಡಿ, ಓದೋರು ಜಾಸ್ತಿ ಅಲ್ಲೇ.

ಶಿರಸಿಯವಳು:
ಮೂರು ಸಂಜೆ ಕೂತೆ. ಒಂದೆಲಗದ ತಂಬುಳಿಯ ಬರಹ ಬದಲಿಸಿದೆ. ನೀವು ಹೇಳಿದ ಹಾಗೇ 'ಕರ್ಪೂರ' ಹೋಗಿ 'ಕಪೂರ' ಆಗಿತ್ತು, 'ಅರ್ಧ ಲೋಟ' ಹೋಗಿ 'ಅಧ ಲೋಟ' ಆಗಿತ್ತು, ಹುಡುಕಿ ಹುಡುಕಿ ತಿದ್ದಿದೆ. ಪ್ರಿವ್ಯೂನಲ್ಲಿ ಇಡೀ ಬರಹ ಮತ್ತೆ ಓದುವಾಗ ಇನ್ನೊಂದು ಕಂಡಿತು, ತೆಂಗಿನಕಾಯಿ ಜೊತೆ ಜೀರಿಗೆ ರುಬ್ಬೋದನ್ನೇ ಅವತ್ತು ಬರೆದಿರಲಿಲ್ಲ. ಅಮ್ಮ ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದೇ ಹಾಕುತ್ತಿದ್ದಳು. ಆ ಸಾಲು ಸೇರಿಸಿ ನಿನ್ನೆ ರಾತ್ರಿ ಪ್ರಕಟಿಸಿದೆ. ಇವತ್ತು ಅಪ್ಪೆಹುಳಿ ತೆಗೆದುಕೊಂಡಿದ್ದೇನೆ.