ಸೊಂಟದ ಆಪರೇಷನ್: ಯಾವ ವಾರ, ಎಷ್ಟು ದಿನ ಮೊದಲು ಅಡ್ಮಿಟ್ ಆಗಬೇಕು?

ಪ್ರಶ್ನೆ (ಬಾಗಲಕೋಟೆ): ಪೇಷಂಟ್‌ಗೆ 64 ವರ್ಷ, ಶುಗರ್ ಐತಿ, ರಕ್ತ ಹೆಪ್ಪುಗಟ್ಟದಂಗ ಮಾಡೂ ಕ್ಲೋಪಿಡೋಗ್ರೆಲ್ ಗುಳಿಗಿ ನಡದೈತಿ. ಎಲ್4–ಎಲ್5ಕ್ಕ (ಸೊಂಟದ ಬೆನ್ನೆಲುಬಿನ ಕೆಳಗಿನ ಎರಡು ಮಣಿಗೆ) ಸ್ಕ್ರೂ-ರಾಡ್ ಹಾಕೂದೈತಿ. ಶುಕ್ರವಾರ ಆಪರೇಷನ್ ಆದ್ರ ಫರಕ್ ಬೀಳತೈತೇನ್ರಿ? ಮೂರು ದಿನ ಮೊದಲೇ ಅಡ್ಮಿಟ್ ಆದ್ರ ಚಲೋನ?

ಉತ್ತರ (ಬೆಳಗಾವಿ): ವಾರಕ್ಕಿಂತ, ಮರುದಿನ ನಡಿಸಾಕ ಯಾರಿರ್ತಾರ ಅನ್ನೂದು ನೋಡ್ರಿ. ಸರ್ಜನ್ ಒಪ್ಪಿದ್ರ ಮರುದಿನಾನ ಎಬ್ಬಿಸಿ ನಡಿಸಬೇಕು. ಶನಿವಾರ-ರವಿವಾರ ಫಿಜಿಯೋಥೆರಪಿ ಇಲ್ಲಂದ್ರ ಪೇಷಂಟ್ ಮಲಗೇ ಇರ್ತಾರ. ಕಾಲಿನ ರಕ್ತನಾಳದಾಗ ಹೆಪ್ಪು, ಎದಿಯೊಳಗ ಕಫ, ಮಲಬದ್ಧತೆ ಶುರುವಾಗೂದು ಆವಾಗನ. ಮೂತ್ರದ ನಳಿಗಿ ಉಳಿದಷ್ಟೂ ಸೋಂಕಿನ ಭಯ. ಇನ್ನೊಂದು ಕೇಳ್ರಿ: ರಾತ್ರಿ ಕಾಲಿನ ಶಕ್ತಿ ಕುಸಿದ್ರ ಎಂಆರ್‌ಐ, ಆಪರೇಷನ್ ಥಿಯೇಟರ್ ತಕ್ಷಣ ಸಿಗತಾವೇನು? ಒಳಗ ರಕ್ತ ಕಟ್ಟಿ ನರ ಒತ್ತಿದ್ರ ಸೋಮವಾರದ ತನಕ ಕಾಯಾಕ ಬರೂದಿಲ್ಲ. ಇದಕ್ಕ ಸರಿ ಉತ್ತರ ಬಂದ್ರ ಶುಕ್ರವಾರನೂ ನಡೀತೈತಿ.

ಉತ್ತರ (ವಿಜಯಪುರ): ಸುಮ್ನ ಮೂರು ದಿನ ಮೊದಲು ಬ್ಯಾಡ. ವಾರ್ಡಿನ ಸೂಕ್ಷ್ಮಾಣು ಮೈಗೆ ಹತ್ತತಾವ, ಬಿಲ್ಲೂ ಏರತೈತಿ. ರಕ್ತ ಪರೀಕ್ಷೆ, ಇಸಿಜಿ, ಅರಿವಳಿಕೆ ಡಾಕ್ಟರ್ ತಪಾಸಣೆ ಎಲ್ಲಾ ಓಪಿಡಿಯೊಳಗ ಮುಗಿಸಿ, ಹಿಂದಿನ ದಿನ ಸೇರಿದ್ರ ಸಾಕು. ಕ್ಲೋಪಿಡೋಗ್ರೆಲ್ ಸಾಮಾನ್ಯವಾಗಿ 5–7 ದಿನ ಮೊದಲು ನಿಲ್ಲಸ್ತಾರ, ಆದ್ರ ಹೃದಯಕ್ಕ ಸ್ಟೆಂಟ್ ಇದ್ರ ಹೃದ್ರೋಗ ತಜ್ಞರನ್ನ ಕೇಳದ ನಿಲ್ಲಸಬ್ಯಾಡ್ರಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8ಕ್ಕಿಂತ ಹೆಚ್ಚಿದ್ರ, ತುರ್ತು ಇಲ್ಲದಾಗ, ತಾರೀಖು ಮುಂದ ಹಾಕೂದ ಲೇಸು. ಗಾಯ ಸೋಂಕಾದ್ರ ಸ್ಕ್ರೂ ತನಕ ಇಳೀತೈತಿ.

ಉತ್ತರ (ಬೆಳಗಾವಿ): ಮ್ಯಾಲಿಂದೆಲ್ಲಾ ಪ್ಲಾನ್ ಮಾಡಿದ ಆಪರೇಷನ್ನಿಗೆ. ಮೂತ್ರ ಕಟ್ಟಿದ್ರ, ಕೂಡೂ ಜಾಗ ಜೋಮು ಹಿಡಿದ್ರ, ಪಾದ ಎತ್ತಾಕ ಆಗದಿದ್ರ ವಾರ ನೋಡಬ್ಯಾಡ್ರಿ, ಅದ ರಾತ್ರಿ ಸೇರ್ರಿ. ತಾಸು ಕಳದಷ್ಟೂ ಮೂತ್ರದ ಹಿಡಿತ ತಿರುಗಿ ಬರೂದು ಕಷ್ಟ.