ಕಲ್ಯಾಣ ಮಂಟಪದ ಮೂರು ಮೆಟ್ಟಿಲು: ಎತ್ತಿಕೊಂಡು ಹೋದರೆ ಸಾಕಾ?

ಶರ್ಬತ್‌ಕಟ್ಟೆ: ಮಂಗಳೂರು, ಉಡುಪಿಯ ಎಷ್ಟೋ ಹಾಲ್‌ಗಳಲ್ಲಿ ಎದುರಿಗೆ ಮೂರು ಮೆಟ್ಟಿಲು. ರ‍್ಯಾಂಪ್ ಇದ್ದರೂ ಹಿಂದೆ, ಗ್ಯಾಸ್ ಸಿಲಿಂಡರ್ ಇಳಿಸುವಲ್ಲಿ. ಗಾಲಿಕುರ್ಚಿಯಲ್ಲಿ ಬಂದವರು ನೆಂಟರೋ, ಸಾಮಾನೋ? ಊಟಕ್ಕೆ ಕೂತ ಮೇಲೂ "ಇವರಿಗೆ ಪಾಯಸ ಹಾಕುದಾ?" ಅಂತ ಪಕ್ಕದವರನ್ನು ಕೇಳುವುದು.

ಕಾಪುದವ: ಸಾಮಾನು ಅಂತ ಯಾರು ಹೇಳಿದ್ದು ಮಾರಾಯ್ರೆ? ನಾಲ್ಕು ಜನ ಸೇರಿ ಎತ್ತುತ್ತಾರೆ. ನಮ್ಮಲ್ಲಿ ಅಷ್ಟು ಮನುಷ್ಯತ್ವ ಉಂಟು.

ಬನ್ಸ್_ಬಾಜಿ: ಎತ್ತುವುದು ಎಲ್ಲಿ ಹಿಡಿದು? ಕಳಚುವ ಆರ್ಮ್‌ರೆಸ್ಟ್ ಆದರೆ ಕೈಗೇ ಬರುತ್ತದೆ. ಫುಟ್‌ರೆಸ್ಟ್ ಪಕ್ಕಕ್ಕೆ ತಿರುಗಿದರೆ ಕೂತವರು ಮುಗ್ಗರಿಸುತ್ತಾರೆ. ಎತ್ತಬಹುದಾ, ಎಲ್ಲಿ ಹಿಡಿಯಬೇಕು ಅಂತ ಮೊದಲು ಅವರನ್ನೇ ಕೇಳಬೇಕು. ರ‍್ಯಾಂಪ್ ಇದ್ದರೆ ಕೇಳುವುದೇ ಬೇಡ: ಆರಿಂಚಿನ ಮೂರು ಮೆಟ್ಟಿಲಿಗೆ 1:12ರಲ್ಲಿ, ಅಂದರೆ ಒಂದಡಿ ಏರಲು 12 ಅಡಿ ಉದ್ದದ ಲೆಕ್ಕದಲ್ಲಿ, 18 ಅಡಿ ಉದ್ದ, 4 ಅಡಿ ಅಗಲ, ಮೇಲೆ ಕೆಳಗೆ 5 ಅಡಿ ಸಮತಟ್ಟು.

ಕಾಪುದವ: 18 ಅಡಿ! ಕಾರು ಎಲ್ಲಿ ನಿಲ್ಲಿಸುದು? 1:8 ಧಾರಾಳ ಸಾಕು.

ಮುರಕಲ್ಲು_ಮೇಸ್ತ್ರಿ: 1:8ರಲ್ಲಿ ಒಬ್ಬರೇ ಚಕ್ರ ತಳ್ಳಿಕೊಂಡು ಹತ್ತುವುದು ಕಷ್ಟ, ಇಳಿಯುವಾಗ ಹಿಡಿತ ತಪ್ಪುತ್ತದೆ. ಜಾಗ ಇಲ್ಲದಿದ್ದರೆ ಒಂಬತ್ತೊಂಬತ್ತು ಅಡಿಯಾಗಿ ಮಡಚಿ. ಹೊಳೆಯುವ ಗ್ರಾನೈಟ್ ಮಾತ್ರ ಬೇಡ, ಮಳೆಗೆ ಜಾರುತ್ತದೆ. ಹಸಿ ಕಾಂಕ್ರೀಟಿಗೆ ಅಡ್ಡಡ್ಡ ಹಿಡಿಸೂಡಿ ಎಳೆದರೆ ಮುಗಿಯಿತು.

ಶರ್ಬತ್‌ಕಟ್ಟೆ: ಹಿಡಿಸೂಡಿ ಗೆರೆಯಲ್ಲಿ ಪಾಚಿ ಕಟ್ಟುತ್ತದೆ. ಬೆಂಕಿ ಹಾಯಿಸಿ ಒರಟು ಮಾಡಿದ ಫ್ಲೇಮ್ ಫಿನಿಶ್ ಗ್ರಾನೈಟ್ ಹಾಕಿ.

ಮುರಕಲ್ಲು_ಮೇಸ್ತ್ರಿ: ಪಾಚಿ ಗ್ರಾನೈಟನ್ನು ಬಿಡುತ್ತದಾ? ಮೇಲೆ ತಗಡಿನ ಮಾಡು ಇಳಿಸಿ, ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ.

ಶರ್ಬತ್‌ಕಟ್ಟೆ: ಬ್ಲೀಚಿಂಗಾ! ಸ್ಟೀಲ್ ರೇಲಿಂಗ್ ಬುಡದಲ್ಲಿ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತದೆ. ಅಗ್ಗದ 202 ಗ್ರೇಡ್ ಸ್ಟೀಲ್ ನಮ್ಮ ಉಪ್ಪುಗಾಳಿಗೇ ನಿಲ್ಲುವುದಿಲ್ಲ. ತುಕ್ಕು ತಡೆಯುವ 316 ಗ್ರೇಡ್ ಬೇಕು.

ಮುರಕಲ್ಲು_ಮೇಸ್ತ್ರಿ: 316ರ ರೇಟ್ ಗೊತ್ತುಂಟಾ? ಪೆದಂಬು ಮಾತಾಡಬೇಡಿ. ಸತು ಲೇಪಿಸಿದ ಜಿಐ ಪೈಪಿಗೆ ಪೇಂಟ್ ಸಾಕು.

ಶರ್ಬತ್‌ಕಟ್ಟೆ: ಪೇಂಟ್ ಎದ್ದ ಪೈಪ್ ಹಿಡಿದು ಅಂಗೈ ಗೀರಿದರೆ ಯಾರಿಗೆ ಹೇಳುವುದು? ನಿಮ್ಮ ರೇಟಿಗಾ?

ಬನ್ಸ್_ಬಾಜಿ: ಪೈಪ್ ಬಿಡಿ ಇಬ್ಬರೂ. ರ‍್ಯಾಂಪಿನ ಬದಿಗೆ ಗಿಡ್ಡ ಕಟ್ಟೆ ಇಲ್ಲದಿದ್ದರೆ ಮುಂದಿನ ಸಣ್ಣ ಚಕ್ರ ಹೊರಗೆ ಇಳಿಯುತ್ತದೆ.

ಕಾಪುದವ: ಕಟ್ಟೆಯೂ ಬೇಕಾ! ಇದೆಲ್ಲ ಸರ್ಕಾರಿ ಆಫೀಸಿಗೆ. ಖಾಸಗಿ ಹಾಲ್‌ಗೆ ಕಾನೂನು ಎಲ್ಲುಂಟು?

ಬನ್ಸ್_ಬಾಜಿ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಓದಿ. ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ನಿಯಮ ಪಾಲಿಸದಿದ್ದರೆ 44ನೇ ಸೆಕ್ಷನ್ ಪ್ರಕಾರ ಕಟ್ಟಡ ಮುಗಿದದ್ದಕ್ಕೆ ಕೊಡುವ ಕಂಪ್ಲೀಷನ್ ಸರ್ಟಿಫಿಕೇಟ್ ಇಲ್ಲ.

ಕಾಪುದವ: ಕಂಪ್ಲೀಷನ್ ಹೊಸ ಕಟ್ಟಡಕ್ಕೆ. ಹಳೆಯದಕ್ಕೆಂತ ಮಾಡುದು?

ಬನ್ಸ್_ಬಾಜಿ: ಹಳೆಯದಕ್ಕೆ 45ನೇ ಸೆಕ್ಷನ್. ನಿಯಮ ಬಂದ ಮೇಲೆ ಐದು ವರ್ಷ ಗಡುವು. ನಿಯಮ ಬಂದದ್ದು 2017ರಲ್ಲಿ. ಲೆಕ್ಕ ನೀವೇ ಹಾಕಿ.

ಕಾಪುದವ: ಹಿಂದೆ ರ‍್ಯಾಂಪ್ ಉಂಟಲ್ಲ! ಎದುರಿಗೇ ಬೇಕು ಅಂತ ಯಾವ ಸೆಕ್ಷನ್?

ಮುರಕಲ್ಲು_ಮೇಸ್ತ್ರಿ: ಎದುರೋ ಹಿಂದೋ, 316 ಮಾತ್ರ ದುಡ್ಡು ದಂಡ.